ನಯಮಾಡದ ಗೆರೆ

ಮೇ ೧೪, ಮಂಗಳವಾರ

…"ಅಲ್ಲೇ ಬಿರುಕು ಬಿಟ್ಟಿದ್ದು ಅಂಕಲ್" ಎಂದಳಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ. ಪ್ರಾಜೆಕ್ಟ್ ವರದಿಯ ಪುಟ ಜೋಡಿಸಿಕೊಡಿ ಎಂದು ನನ್ನ ಅಂಗಡಿಗೆ ಬಂದಿದ್ದಳು. ಅಂಚು, ಅಕ್ಷರದ ಅಳತೆ, ಪುಟಸಂಖ್ಯೆ ಎಲ್ಲ ಮುಗಿಯಿತು. ಅವಳು ಭಾರ ಹೇರಿ ಪರೀಕ್ಷಿಸಿದ ಕಾಂಕ್ರೀಟ್ ತೊಲೆಯ ಗ್ರಾಫ್ ಮಾತ್ರ ನಡುವೆ ದಿಢೀರನೆ ಕುಸಿದಿತ್ತು. ಎಲ್ಲರಿಗೂ ಮಾಡುವಂತೆ, ಕುಸಿತ ಕಾಣದ ಹಾಗೆ ಗೆರೆಯನ್ನು ನಯಮಾಡಿದೆ.

"ಅಯ್ಯೋ, ಮೊದಲಿದ್ದ ಹಾಗೇ ಮಾಡಿ. ತೊಲೆ ಅಲ್ಲೇ ಬಿರುಕು ಬಿಟ್ಟಿದ್ದು ಅಂಕಲ್."

"ಮಾರ್ಕ್ಸ್ ಹೋಗುತ್ತಮ್ಮಾ. ಅಷ್ಟಕ್ಕೂ ಇದನ್ನೆಲ್ಲ ಓದೋರ್ಯಾರು?"

"ನಾನಿದೀನಲ್ಲ!"

ಇಪ್ಪತ್ತು ವರ್ಷದಲ್ಲಿ ಎಷ್ಟು ಬಿರುಕು ಮುಚ್ಚಿದ್ದೇನೋ. ಆ ಮೊಂಡು ಗೆರೆಯನ್ನು ಇದ್ದಂತೆಯೇ ಅಚ್ಚುಹಾಕಿದೆ. ಅದರಿಂದ ಕಣ್ಣು ಕೀಳಲಾಗಲಿಲ್ಲ. ಹುಡುಗೀ, ನಾಳೆ ಪರೀಕ್ಷಕರು ಹುಬ್ಬೇರಿಸಿದಾಗಲೂ ನಿನ್ನ ದನಿ ಇಷ್ಟೇ ಗಟ್ಟಿಯಾಗಿರುತ್ತದೆಯೇ?