ಮರೆಯಲ್ಲಿ ನಿಂತು ಹೇಳಿಕೊಟ್ಟ ಮಾತು

ಶೂಟಿಂಗ್ ಮನೆ, ಮೇಕಪ್ ಕೋಣೆಯ ಮೂಲೆ
ತಾರೀಕು ಹದಿನಾಲ್ಕು, ಸೋಮವಾರ

ಪ್ರೀತಿಯ ತಂಗೀ,

ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕುತ್ತಿದ್ದೀಯೋ, ಇಲ್ಲ ಸೀಸೆ ನೋಡಿಯೇ ವಾಸಿ ಮಾಡಿಕೊಳ್ಳುತ್ತಿದ್ದೀಯೋ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಏಳನೇ ಕ್ಲಾಸಿಗೇ ಶಾಲೆ ನನ್ನ ಕೈಬಿಟ್ಟಿತೆಂದು ನಗುತ್ತಿದ್ದೆಯಲ್ಲ, ಈಗ ಇಡೀ ಧಾರಾವಾಹಿ ನನ್ನ ಬಾಯಿಂದಲೇ ನಡೆಯುತ್ತಿದೆ! ಇಲ್ಲಿ ಮಾತು ಬಾಯಿಪಾಠ ಮಾಡಲು ಯಾರಿಗೂ ಹೊತ್ತಿಲ್ಲ. ಒಬ್ಬರು ಮರೆಯಲ್ಲಿ ನಿಂತು ಹಾಳೆ ಓದುತ್ತಾರೆ, ನಟಿಸುವವರು ಕೇಳಿ ಅದನ್ನೇ ಹೇಳುತ್ತಾರೆ. ಓದುವವನು ಕೆಲಸ ಬಿಟ್ಟ ದಿನ, ಇಲ್ಲಿ ನಟಿಸುವ ನಿನ್ನ ಮಗಳ ಕಾವಲಿಗೆ ಬಂದ ನಾನೇ ಹಾಳೆ ಹಿಡಿದೆ. ನಿರ್ದೇಶಕರು, "ಯಜಮಾನ್ರೇ, ನೀವು ಓದಿದ್ರೆ ಗೋಡೆನೂ ಅಳುತ್ತೆ" ಅಂದರು. ಸ್ವಲ್ಪ ಮೆಲ್ಲಗೆ ಓದಿ ಎಂದೂ ಅಂದರು, ಅದಿರಲಿ.

ಜನರೆಲ್ಲ ಬಾಯಿಬಿಟ್ಟು ನೋಡುವ ಈ ಮಕ್ಕಳನ್ನು ನೀನು ಹತ್ತಿರದಿಂದ ನೋಡಬೇಕು. ಕಥೆಯಲ್ಲಿ ನಿನ್ನ ಮಗಳಿಗೆ ವಿಷ ಹಾಕಲು ಹೊರಟ ಖಳ, ಮೇಕಪ್ ಕುರ್ಚಿಯಲ್ಲಿ ಕೂತು ಪರೀಕ್ಷೆಗೆ ಓದುತ್ತಾನೆ. ಪಾಠ ಒಪ್ಪಿಸಿಕೊಳ್ಳುವವಳು ಇವಳೇ. ಮೈತುಂಬ ಒಡವೆ ಹೇರಿಕೊಂಡ ಶ್ರೀಮಂತರ ಸೊಸೆ ಪಾತ್ರದ ಇನ್ನೊಬ್ಬ ಹುಡುಗಿಯ ಕಾಲಲ್ಲಿ ಹರಿದ ಚಪ್ಪಲಿ. ಕಾಲು ಕ್ಯಾಮೆರಾಗೆ ಕಾಣುವುದಿಲ್ಲವಂತೆ! ಊಟಕ್ಕೆ ಮೂವರೂ ಒಂದೇ ತಟ್ಟೆಗೆ ಕೈ ಹಾಕುತ್ತಾರೆ. ಆದರೆ ನಿನ್ನ ಮಗಳು ಮೂರು ತಿಂಗಳಿಂದ ಅರ್ಧಕ್ಕೇ ಎದ್ದು, ಫೋನ್ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾಳೆ. "ಮಾವ, ಅಮ್ಮ ಇವತ್ತೂ ಎತ್ತಲಿಲ್ಲ" ಅನ್ನುತ್ತಾಳೆ. ಅಳುವ ದೃಶ್ಯಕ್ಕೆ ಕಣ್ಣೀರು ತರಿಸುವ ಗ್ಲಿಸರಿನ್ ತಂದವರನ್ನು ಹಾಗೇ ವಾಪಸು ಕಳಿಸುತ್ತಾಳೆ.

ಮೂರು ತಿಂಗಳ ಹಿಂದೆ ಜನರೆದುರು ನಡೆದ ಟೀವಿ ಸಂದರ್ಶನದಲ್ಲಿ ಅವಳು, "ಹೆತ್ತವಳು ಬೇರೆ ಇರಬಹುದು, ನನ್ನ ನಿಜವಾದ ಅಮ್ಮ ಈ ಧಾರಾವಾಹಿಯ ಅಮ್ಮನೇ" ಅಂದದ್ದು ನಿನ್ನ ಎದೆಗೆ ನಾಟಿದೆ, ಬಲ್ಲೆ. ನಾಟಬೇಕಾದ್ದೇ. ಆದರೂ ಹದಿನೇಳರ ಹುಡುಗಿಯ ಮೇಲೆ ಇಷ್ಟು ಹಠವೇ?

ಭಾವನವರಿಗೆ ನಮಸ್ಕಾರ, ಅವರ ಗೊರಕೆಗೆ ಬೇರೆಯಾಗಿ ಇನ್ನೊಂದು. ನಿನ್ನ ಮಂಡಿ, ಮನಸ್ಸು ಎರಡೂ ಸಲೀಸಾಗಿ ಬಾಗಲಿ ಎಂದು ಹಾರೈಸುವ,

ನಿನ್ನ ಅಣ್ಣ

ಮತ್ತೆ: ಅಂಚೆ ಡಬ್ಬಿಯವರೆಗೆ ಬಂದು, ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಅವತ್ತು ಸಂದರ್ಶನದಲ್ಲಿ "ಅಮ್ಮನ ಬಗ್ಗೆ ಹೇಳಿ" ಎಂದು ಕೇಳಿದ್ದೇ ತಡ, ನಿನ್ನ ನೆನಪಾಗಿ ಅವಳು "ನಮ್ಮಮ್ಮ" ಎಂದು ತೊದಲಿದಳು. ರೂಢಿಯಂತೆ ನನ್ನ ಕಡೆ ನೋಡಿದಳು. ರೂಢಿಯಂತೆ ನಾನೂ ಪರದೆಯ ಹಿಂದಿನಿಂದ ಹೇಳಿಕೊಟ್ಟೆ. ಆ ಮಾತು ನನ್ನದು ತಂಗೀ. ಚಪ್ಪಾಳೆ ಬೀಳಲೆಂದು ಹೇಳಿದ್ದು, ಬಿತ್ತು ಕೂಡ. ನನ್ನ ಹೆಸರೆತ್ತಿದರೆ ನೀನು ನನ್ನನ್ನೂ ದೂರ ಮಾಡುತ್ತೀ ಎಂದು ಅವಳು ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಶನಿವಾರ ಊಟದ ಹೊತ್ತಿಗೆ ಫೋನ್ ಮಾಡುತ್ತಾಳೆ, ಎತ್ತು. ನಾನು ಬೀದಿಯ ಆ ತುದಿಗೆ ಹೋಗಿ ನಿಂತಿರುತ್ತೇನೆ. ಅವಳು ತೊದಲಿದರೂ, ಬರೀ ಅತ್ತರೂ, ಅದು ಅವಳದೇ.