ಮೈದಾನದ ಆಚೆ ಬದಿ

ಜುಮೇರಾ ಲೇಕ್ ಟವರ್ಸ್, ದುಬೈ
19 ನವೆಂಬರ್ 2013, ಮಂಗಳವಾರ

ಮಗ ಎಲ್ರಾಯ್‌ಗೆ ಮಮ್ಮಿಯ ಪ್ರೀತಿಯ ನೆನಪುಗಳು.

ನಿನ್ನ ಕೆಮ್ಮು ಕಡಿಮೆಯಾಯಿತೇ? ದೇರಾದ ಆ ಕೋಣೆಯಲ್ಲಿ ಎಂಟು ಜನ ಒಂದೇ ಎ.ಸಿ.ಯ ಕೆಳಗೆ ಮಲಗುತ್ತೀರಂತೆ. ಎದೆ ಮುಚ್ಚಿ ಮಲಗು. ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಅಕ್ಕ ಜೋಯ್ಲಿನ್ ಆಫೀಸಿಗೆ ಹೋದ ಮೇಲೆ ಕಿಟಕಿಯಲ್ಲಿ ಕೂತು ರಸ್ತೆ ನೋಡುತ್ತೇನೆ. ಇಪ್ಪತ್ತೆರಡನೆಯ ಮಾಳಿಗೆಯಿಂದ ಯಾರು ಯಾರೆಂದು ತಿಳಿಯುವುದಿಲ್ಲ, ಆದರೂ ನೋಡುತ್ತೇನೆ. ನೀನು ಹೋಗಿ ಹದಿನೆಂಟು ದಿನವಾಯಿತು. ಫೋನೂ ಎತ್ತುವುದಿಲ್ಲ.

ಆ ಶುಕ್ರವಾರದ ಫುಟ್‌ಬಾಲ್ ಮ್ಯಾಚಿಗೆ ನಾನು ನೀಲಿ ಸೀರೆ ಉಟ್ಟು ಊರಿನ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ತಂಡದ ಬದಿಯಲ್ಲಿ, ಮೊದಲ ಸಾಲಿನಲ್ಲಿ ಕೂತಿದ್ದೆ. ನಿನ್ನ ಪಪ್ಪ ಆ ಕಾಲೇಜಿನ ಗೋಲ್‌ಕೀಪರ್. ಅವರ ಶವಪೆಟ್ಟಿಗೆಯ ಮೇಲೆ ಕಾಲೇಜಿನ ನೀಲಿ ಜೆರ್ಸಿ ಹೊದಿಸಿದವಳು ನಾನು. ನೀನೂ ಅಲ್ಲೇ ಕಲಿತವನು. ಎದುರಿಗಿದ್ದದ್ದು ದೇರಾ ಮೀನು ಮಾರ್ಕೆಟಿನ ಹಸನಬ್ಬನ ತಂಡ, ಸಣ್ಣ ಲೀಗಿನಲ್ಲೂ ಕೊನೆಯಿಂದ ಎರಡನೆಯದು. ಆಚೆ ಬದಿಯಲ್ಲಿ ಹಳದಿ ಅಂಗಿ ಹಾಕಿ ಡೋಲು ಬಡಿಯುತ್ತಿದ್ದವನು ನೀನೆಂದು ಗುರುತು ಸಿಕ್ಕಾಗ ನನಗೆ ತಲೆ ಎತ್ತಲಾಗಲಿಲ್ಲ. ಪಪ್ಪನ ಜೊತೆ ಆಡಿದ ಕ್ಯಾಮಿಲಸ್ ಪಕ್ಕದಲ್ಲೇ ನಕ್ಕರು: "ಏನು ಮಾರ್ಟಿನಾ ಬಾಯಿ, ಕೀಪರನ ಮಗ ಬೂತಾಯಿ ಮೀನಿನ ಪಾರ್ಟಿಗೆ ಸೇರಿದ್ನಾ?"

ಮನೆಯಲ್ಲಿ ನಿನ್ನನ್ನು ಬೈದೆ. ಜೋಯ್ಲಿನ್ ದುಬೈಗೆ ಬರುವ ಮೊದಲು ನಿನ್ನ ಕೆಲಸ ಹೋಗಿತ್ತು, ಕಾಲೇಜಿನವರು ಬಯೋಡಾಟ ಇಸಿದುಕೊಂಡು ಸುಮ್ಮನಾದರು, ಹಸನಬ್ಬ ನಾಲ್ಕು ತಿಂಗಳು ಚಾಪೆ ಹಾಸಿ ಮೀನು-ಅನ್ನ ಹಾಕಿದ ಎಂದು ನೀನು ಹೇಳಿದೆ. ನನಗೆ ಅದೇ ಮೊದಲು ಗೊತ್ತಾದದ್ದು. ಆದರೂ ನಾನು ನೀಲಿ ಬಣ್ಣದ ಮಾತೇ ಹಿಡಿದೆ. "ನೀವು ಆ ಕಾಲೇಜಿನ ಗೇಟು ದಾಟಿದ್ದುಂಟಾ ಮಮ್ಮಿ?" ಎಂದು ನೀನು ಕೇಳಿದೆ. ಇಲ್ಲ. ಹೈಸ್ಕೂಲಿಗೇ ನನ್ನನ್ನು ನಿಲ್ಲಿಸಿದರು. ಅದಕ್ಕೇ ಇರಬೇಕು, ಆ ತಂಡ ಸೋತರೆ ನನಗೆ ಅನ್ನ ಸೇರುವುದಿಲ್ಲ. ಆಗ ನಾನು "ಖಲಾಸ್" ಅಂದೆ. ನೀನು ಬ್ಯಾಗು ಎತ್ತಿಕೊಂಡು ಹೋದೆ.

ಶನಿವಾರ ನನ್ನ ವಿಸಿಟ್ ವೀಸಾ ಮುಗಿಯುತ್ತದೆ, ಬೆಳಿಗ್ಗೆಯೇ ವಿಮಾನ. "ಅವನು ಬರದಿದ್ದರೆ ಬೇಡ" ಎಂದು ಜೋಯ್ಲಿನ್‌ಗೆ ಹೇಳಿದ್ದೇನೆ. ಅದು ಸುಳ್ಳು. ಈ ಕಾಗದವನ್ನು ಮೆಟ್ರೋ ಹತ್ತಿ ನಾನೇ ಹಸನಬ್ಬನ ಕೈಗೆ ಕೊಡುತ್ತೇನೆ. ಅವನಿಗೆ ಉಪಕಾರ ಹೇಳುವುದೂ ಇದೆ.

ದೇವಮಾತೆ ನಿನ್ನ ಬೆನ್ನಿಗಿರಲಿ.

ನಿನ್ನ ಮಮ್ಮಿ,
ಮಾರ್ಟಿನಾ ಪಾಯ್ಸ್

ತಾ.ಕ.: ಊರಲ್ಲಿ ಖಲಾಸ್ ಅಂದರೆ ಸತ್ತ, ಕತೆ ಮುಗಿಯಿತು ಎಂದು. ನೀನು ಅದನ್ನೇ ಕೇಳಿಸಿಕೊಂಡೆಯಂತೆ, ಜೋಯ್ಲಿನ್ ನಿನ್ನೆ ಹೇಳಿದಳು. ಮಗಾ, ನಾನು ಅಂದದ್ದು ಇಲ್ಲಿಯ ಖಲಾಸ್, ಕೆಳಗಿನ ಅಂಗಡಿಯವನು ರೊಟ್ಟಿ ಕಟ್ಟಿ ಕೊಟ್ಟು ಹೇಳುವಂಥದ್ದು. ಜಗಳ ಸಾಕು, ಊಟಕ್ಕೆ ಬಾ ಎಂದು. ನಿನ್ನ ಬಟ್ಟಲಿಗೆ ಅನ್ನ ಬಡಿಸಿಯಾಗಿತ್ತು. ಈ ಶುಕ್ರವಾರವೂ ಮ್ಯಾಚಿಗೆ ಬರುತ್ತೇನೆ, ಕಾಲೇಜಿನ ಬದಿಯಲ್ಲೇ ಕೂರುತ್ತೇನೆ. ನೀನು ಡೋಲು ಬಡಿ. ಹಾಫ್ ಟೈಮಿನಲ್ಲಿ ಸನ್ನಾ, ಕೋಳಿ ಸಾರು ಹಿಡಿದುಕೊಂಡು ನಾನೇ ಆಚೆ ಬದಿಗೆ ದಾಟಿ ಬರುತ್ತೇನೆ. ನನ್ನನ್ನು ಕಂಡು ಎದ್ದು ಹೋಗಬೇಡ.