ಕಪ್ಪು ಟೇಪಿನ ಕೆಳಗಿನ ಹಸಿರು ದೀಪ

ಊರಿನ ಮದುವೆ, ಸಾವು, ಸೀರೆ ಸೇಲು ಎಲ್ಲವನ್ನೂ ಬೀದಿಬೀದಿಗೆ ಸಾರಿ, ನನಗೆ ಹೇಳಬೇಕಾಗಿದ್ದ ಒಂದು ಮಾತನ್ನು ಮಾತ್ರ ನುಂಗಿಕೊಂಡು ಹೋದ ಅಣ್ಣನಿಗೆ,

ರತ್ನ ಬರೆಯುತ್ತಿದ್ದೇನೆ. ಕೋಲಾರದ ನಿನ್ನ ಮನೆಯ ಹಿಂದಿನ ಕೋಣೆಯಲ್ಲಿ, ನಿನ್ನ ಕುರ್ಚಿಯಲ್ಲೇ ಕೂತಿದ್ದೇನೆ. ಬೆಳಗ್ಗೆ ಡೈರಿಗೆ ಹಾಲು ಹಾಕಿ, ವಕ್ಕಲೇರಿಯಲ್ಲಿ ಬಸ್ಸು ಹತ್ತಿ ಬಂದೆ. ಅತ್ತಿಗೆ ಕಾಫಿ ಕೊಟ್ಟು ಬಾಗಿಲು ಎಳೆದುಕೊಂಡು ಹೋದರು. ಹೋದವರ ಮೇಲೆ ಸಿಟ್ಟು ಮಾಡಬಾರದಂತೆ, ಅವರೇ ಹೇಳಿದರು. ಮಾಡಬಾರದು, ಸರಿ. ಆದರೆ ನನಗೆ ಸಿಟ್ಟು ಬರುವ ಹೊತ್ತಿಗೆ ನೀನು ಇರಲಿಲ್ಲವಲ್ಲ, ಅದು ನನ್ನ ತಪ್ಪೇ?

ನೀನು ಮೊದಲ ಸಲ ನನ್ನನ್ನು ಈ ಕೋಣೆಗೆ ಕರೆದ ದಿನ ನೆನಪಿದೆಯಾ? ಗೋಡೆಗೆ ಹಳೆಯ ಹತ್ತಿ ಹಾಸಿಗೆಗಳನ್ನು ಆನಿಸಿ, ಕಿಟಕಿಗೆ ಕಂಬಳಿ ಹೊಡೆದು, ಇದೇ ನನ್ನ ಸ್ಟುಡಿಯೋ ಎಂದಿದ್ದೆ. ನಾನು ನಕ್ಕುಬಿಟ್ಟಿದ್ದೆ. ಪ್ರಚಾರದ ಆಟೋಗಳಿಗೆ ಧ್ವನಿ ಕೊಡುವುದು ನಿನ್ನ ಕೆಲಸ. ಕನ್ನಡ ನಿನ್ನ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಆದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಸುತ್ತುವ ಆಟೋಗೆ ತೆಲುಗೂ ಬೇಕು. ನೀನು ಹಾಸ್ಟೆಲಿನಲ್ಲಿ ಓದಿದವನು, ನಿನ್ನ ತೆಲುಗು ನೋಟೀಸು ಓದಿದ ಹಾಗಿರುತ್ತಿತ್ತು. ನಾನು ಆಂಧ್ರದ ಗಡಿಯ ಪಕ್ಕದ ಅಮ್ಮಮ್ಮನ ಮನೆಯಲ್ಲಿ ಬೆಳೆದವಳು. “ಬಾರೇ ರತ್ನಿ, ನೀನು ತೆಲುಗು ಹೇಳು, ನಾನು ಕನ್ನಡ ಹೇಳ್ತೀನಿ. ಇಬ್ರೂ ಸೇರಿದ್ರೆ ಈ ಜಿಲ್ಲೇಲಿ ನಮ್ಮನ್ನ ಹಿಡಿಯೋರೇ ಇಲ್ಲ ಕಣೇ,” ಎಂದೆ. ಇಡೀ ದಿನ ಬ್ಲೌಸು ಹೊಲಿಯುತ್ತಾ ಕೂತಿರುತ್ತಿದ್ದ ನನಗೆ ಆ ಮಾತು ಎಷ್ಟು ಹಿಗ್ಗು ಕೊಟ್ಟಿತು ಅಂತ ನಿನಗೆ ಗೊತ್ತಿತ್ತಾ?

ನಿನ್ನ ಮೈಕಿನ ಮುಂದೆ ನಾನು ಬಾಯಿ ತೆರೆಯಲು ಹೋದಾಗ ನೀನು ಹೇಗೆ ಹೌಹಾರಿದೆ! “ಲೇ ಲೇ, ಎಂಜಲು ಕಣೇ. ಒಬ್ರು ಬಾಯಿಟ್ಟ ಮೈಕಿಗೆ ಇನ್ನೊಬ್ರು ಬಾಯಿ ಇಡ್ತಾರಾ? ನಿನ್ನ ಲೋಟ ನಿಂಗೆ, ನನ್ನ ಲೋಟ ನಂಗೆ.” ಇದೆಂಥ ಮಡಿ ಎಂದು ನಾನು ಗೇಲಿ ಮಾಡಿದೆ. ಆದರೆ ಮುಂದಿನ ವಾರ ಬಂದಾಗ ನನಗಾಗಿ ಬೇರೆ ಮೈಕು ಕಾದಿತ್ತು. ‘ಪ’, ‘ಫ’ ಹೇಳುವಾಗ ಗಾಳಿ ಹೊಡೆಯದಿರಲಿ ಎಂದು ಹಿಟ್ಟಿನ ಜರಡಿಯ ಬಳೆಗೆ ಅಮ್ಮನ ಹಳೆಯ ರೇಷ್ಮೆ ಸೀರೆಯ ತುಂಡು ಬಿಗಿದು ನೀನೇ ಅದರ ಮುಂದೆ ಕಟ್ಟಿದ್ದೆ. ಮೈಕಿನ ವೈರುಗಳು ಬಂದು ಸೇರುವ ಆ ಕೆಂಪು ಡಬ್ಬಿ, ನೀನು ಸೌಂಡ್ ಕಾರ್ಡ್ ಅನ್ನುತ್ತಿದ್ದೆಯಲ್ಲ, ಅದರಲ್ಲಿ ಎರಡು ತೂತು. ಒಂದನೆಯದು ನಿನ್ನದು, ಎರಡನೆಯದು ನನ್ನದು. ಮಾತಾಡಿದಾಗ ಪ್ರತಿ ತೂತಿನ ಪಕ್ಕದಲ್ಲೂ ಒಂದು ಚಿಕ್ಕ ಹಸಿರು ದೀಪ ಮಿನುಗುತ್ತಿತ್ತು. ನನ್ನದೂ ಮಿನುಗಿತು ನೋಡು, ಆಗ ಚಿಕ್ಕ ಹುಡುಗಿಯ ಹಾಗೆ ಕುಣಿದಿದ್ದೆ.

ಒಂದು ಮಧ್ಯಾಹ್ನ ಧ್ವನಿ ಬರದೆ ನಾನು ಗಾಬರಿಯಾಗಿ ಕಂಪ್ಯೂಟರಿನಲ್ಲಿ ಕಂಡದ್ದನ್ನೆಲ್ಲ ಒತ್ತುತ್ತಿದ್ದಾಗ ನೀನು ಕೈ ಹಿಡಿದು ನಿಲ್ಲಿಸಿದೆ. “ಸೌಂಡ್ ಬರ್ಲಿಲ್ಲ ಅಂದ್ರೆ ಮೊದ್ಲೇ ಕಂಪ್ಯೂಟರ್ ಮೇಲೆ ಬೀಳ್ಬೇಡ. ಮಾತು ಬಾಯಿಂದ ಹೊರಟು ಯಾವ ದಾರೀಲಿ ಹೋಗುತ್ತೋ ನೀನೂ ಅದೇ ದಾರೀಲಿ ಹೋಗು. ಮೈಕು, ವೈರು, ತೂತು, ಡಬ್ಬಿ, ಆಮೇಲೆ ಡ್ರೈವರು, ಕೊನೇಗೆ ಸಾಫ್ಟ್‌ವೇರು. ಅನುಮಾನ ಬಂದ್ರೆ ಅದ್ಲು ಬದ್ಲು ಮಾಡಿ ನೋಡು.” ಡ್ರೈವರು ಅಂದರೇನು ಎಂದು ಕೇಳಿದೆ. “ಡಬ್ಬಿ ತೆಲುಗು ಮಾತಾಡುತ್ತೆ, ಕಂಪ್ಯೂಟರಿಗೆ ಬರೀ ಕನ್ನಡ ಬರುತ್ತೆ ಅಂದ್ಕೋ. ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳೋ ಪ್ರೋಗ್ರಾಮು. ಅದು ಸರಿಯಾಗಿ ಹೇಳ್ಲಿಲ್ಲ ಅಂದ್ರೆ ಇಬ್ರೂ ಒಳ್ಳೇವ್ರಾದ್ರೂ ಕೆಲಸ ಕೆಡುತ್ತೆ.” ಎಷ್ಟು ಚೆನ್ನಾಗಿ ಹೇಳಿಕೊಟ್ಟೆ ಅಣ್ಣಾ. 

ಮಾವಿನ ಸುಗ್ಗಿಗೆ ನಾವು ಮಾಡಿದ ಮೊದಲ ಕೆಲಸವನ್ನು ಮರೆಯುವುದುಂಟೇ? ಶ್ರೀನಿವಾಸಪುರದ ಮಂಡಿ ನಂಜುಂಡಪ್ಪನವರಿಗೆ ಮಾಡಿಕೊಟ್ಟದ್ದು. ನೀನು “ಮಾವು ಬೆಳೆಗಾರರೇ” ಎಂದು ಶುರು ಮಾಡಿ ಕನ್ನಡದಲ್ಲಿ ಹೇಳುವುದು, ಹಿಂದೆಯೇ ನಾನು ತೆಲುಗಿನಲ್ಲಿ ಹೇಳುವುದು. ಬಾದಾಮಿಯನ್ನು ಎಳೆಯದಾಗಿ ಕೀಳಬೇಡಿ, ಬಿದ್ದ ಕಾಯಿಯನ್ನು ಬೇರೆ ತನ್ನಿ, ಮಂಡಿ ಇಂಥ ಕಡೆ ತೆರೆದಿದೆ, ಇಷ್ಟೇ. ಆಟೋ ಹಳ್ಳಿ ಹಳ್ಳಿ ತಿರುಗಿ ಬಂದ ಮೇಲೆ ಹೇಗಿತ್ತಂತೆ ಎಂದು ನಾನು ಕೇಳಿದೆ. “ಪರವಾಗಿಲ್ಲ ಅಂದ್ರು,” ಎಂದೆ ನೀನು. ನಾನು ಅಷ್ಟಕ್ಕೇ ಸಂತೋಷಪಟ್ಟು ಬಸ್ಸು ಹತ್ತಿದೆ.

ಅದಾದ ಮೇಲೆ ನಾನು ಬಂದ ದಿನವೇ ಎರಡನೆಯ ತೂತು ಸತ್ತುಹೋಗಿತ್ತು. ನಾನು ಎಷ್ಟು ಮಾತಾಡಿದರೂ ಕಂಪ್ಯೂಟರಿನ ತೆರೆಯ ಮೇಲೆ ಧ್ವನಿಯ ಗೆರೆ ಅಲುಗಲಿಲ್ಲ. ಡಬ್ಬಿಯಲ್ಲಿ ನನ್ನ ದೀಪದ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿತ್ತು. ಇದೇನು ಎಂದು ನಾನು ಕೇಳಿದರೆ ಬೆಳಕು ಕಣ್ಣಿಗೆ ಚುಚ್ಚುತ್ತೆ ಎಂದೆ ನೀನು. ಧ್ವನಿ ಯಾಕೆ ಬರುತ್ತಿಲ್ಲ ಎಂದರೆ, “ಡ್ರೈವರ್ ಪ್ರಾಬ್ಲಂ ಕಣೇ. ಎರಡನೇದನ್ನ ಗುರುತೇ ಹಿಡೀತಿಲ್ಲ. ಕಂಪನಿಯೋರು ಹೊಸದು ಬಿಡೋವರೆಗೂ ಏನೂ ಮಾಡೋಕಾಗಲ್ಲ,” ಎಂದೆ. ನನ್ನ ವೈರನ್ನು ನಿನ್ನ ತೂತಿಗೆ ಹಾಕಿ ನೋಡೋಣವೇ ಎಂದೆ. “ಅದನ್ನ ಮುಟ್ಟಿದ್ರೆ ಅದೂ ಹೋಗುತ್ತೆ, ಸುಮ್ನಿರು.” ನಾನು ವೈರು ಕೆಳಗಿಟ್ಟೆ. ಮೈಕಿನಿಂದ ಶುರು ಮಾಡು ಎಂದು ಹೇಳಿಕೊಟ್ಟವನು ಅವತ್ತು ಮೈಕನ್ನು ಮುಟ್ಟಲಿಲ್ಲ, ವೈರನ್ನು ಕಿತ್ತು ನೋಡಲಿಲ್ಲ, ನೇರ ಡ್ರೈವರಿಗೇ ಹಾರಿದ. ಅಷ್ಟು ಕಂಡೂ ನನಗೆ ಹೊಳೆಯಲಿಲ್ಲವಲ್ಲ. ಅಣ್ಣನ ಮಾತನ್ನು ಯಾರಾದರೂ ಅದಲು ಬದಲು ಮಾಡಿ ನೋಡುತ್ತಾರೆಯೇ?

ಆಮೇಲೆ ಎರಡು ಸುಗ್ಗಿ ನಾನು ಈ ಕೋಣೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ನಿನ್ನ ತೆಲುಗು ತಿದ್ದಿದೆ. ನಾನು ಹೇಳಿಕೊಡುವುದು, ನೀನು ಮೈಕಿಗೆ ಹೇಳುವುದು. “ಹಿಂಗಾ?” ಎಂದು ನೀನು ತಿರುಗಿ ನೋಡುತ್ತಿದ್ದೆ. ಇನ್ನೂ ಸ್ವಲ್ಪ ಎಳೆದು ಹೇಳು ಅಣ್ಣ ಎನ್ನುತ್ತಿದ್ದೆ. ಬಂದಾಗಲೆಲ್ಲ ಹೊಸ ಡ್ರೈವರ್ ಬಂತಾ ಎಂದು ಕೇಳುತ್ತಿದ್ದೆ, ಮಳೆ ಬಂತಾ ಎಂದು ಕೇಳುವ ಹಾಗೆ. ನೀನು ತಲೆ ಅಲ್ಲಾಡಿಸುತ್ತಿದ್ದೆ. ಆ ತಲೆ ಅಲ್ಲಾಡಿಸುವಾಗ ನಿನಗೆ ಏನೂ ಅನಿಸುತ್ತಿರಲಿಲ್ಲವೇ? ಒಂದು ಸಲವೂ...

ಯುಗಾದಿಗೆ ಮುಂಚೆ ನೀನು ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಎಲ್ಲ ಮುಗಿದ ಮೇಲೆ ಆಟೋದವರು ಬಂದು ಗೇಟಿನ ಹತ್ತಿರ ನಿಂತರು. “ಅಣ್ಣ ಊರೋರದ್ದೆಲ್ಲ ಹೇಳಿದ್ರು. ಅವರ ತಿಥಿ ವಿಷಯ ನಮ್ಮ ಆಟೋದಲ್ಲಿ ಹೋಗ್ಬೇಡ್ವಾ ಅಕ್ಕ? ಅದೂ ಅವರ ರೂಮಲ್ಲೇ ರೆಕಾರ್ಡ್ ಆಗ್ಬೇಕು,” ಎಂದರು. ಅತ್ತಿಗೆ ನನ್ನ ಮುಖ ನೋಡಿದರು. ನಾನು ಕಣ್ಣು ಒರೆಸಿಕೊಂಡು ಈ ಕೋಣೆಗೆ ಬಂದೆ. ನೀನು ಕಲಿಸಿದ ಹಾಗೆಯೇ ಮೈಕಿನಿಂದ ಶುರು ಮಾಡಿದೆ. ನನ್ನ ಮೈಕಿನ ವೈರನ್ನು ಒಂದನೆಯ ತೂತಿಗೆ ಸಿಕ್ಕಿಸಿದೆ, ಗೆರೆ ಅಲುಗಿತು. ಮೈಕು ಸರಿ, ವೈರು ಸರಿ. ಅಲ್ಲಿಗೇ ಕೆಲಸ ಮುಗಿಸಬಹುದಿತ್ತು. ಆದರೆ ಅದು ನಿನ್ನ ಜಾಗ. ನಿನ್ನ ತಿಥಿಯ ಸುದ್ದಿಯನ್ನು ನಿನ್ನ ಜಾಗದಲ್ಲಿ ಕೂತು ಹೇಗೆ ಹೇಳಲಿ? ವೈರನ್ನು ಮತ್ತೆ ನನ್ನ ತೂತಿಗೆ ಹಾಕಿದೆ. ಉಗುರಿನಿಂದ ಕೆದಕಿ ಟೇಪು ಕಿತ್ತೆ. “ಅಣ್ಣಾ” ಎಂದೆ. ದೀಪ ಹಸಿರಾಗಿ ಮಿನುಗಿತು.

ಡಬ್ಬಿಗೆ ನನ್ನ ಮಾತು ಕೇಳುತ್ತಿದೆ, ಕಂಪ್ಯೂಟರಿಗೆ ಕೇಳುತ್ತಿಲ್ಲ. ಹಾಗಾದರೆ ಡ್ರೈವರೇ ಇರಬೇಕು, ನೀನು ಹೇಳಿದ್ದು ನಿಜವೇ ಇರಬೇಕು ಎಂದುಕೊಂಡೆ. ಅವತ್ತೂ ನಿನ್ನ ಕಡೆಯೇ ನಿಂತಿದ್ದೆ ನೋಡು. ಡ್ರೈವರನ್ನು ತೆಗೆದುಹಾಕಿ, ಕಂಪ್ಯೂಟರ್ ಆರಿಸಿ ಹಚ್ಚಿ, ಹೊಸದಾಗಿ ಹಾಕಿದೆ. ಗೆರೆ ಅಲುಗಲಿಲ್ಲ. ಯುಎಸ್‌ಬಿ ವೈರನ್ನು ಬೇರೆ ಕಡೆ ಚುಚ್ಚಿದೆ. ಮೈಕಿಗೆ ಅನುಮತಿ ಇದೆಯೇ, ಬೇರೆ ಯಾವುದಾದರೂ ಪ್ರೋಗ್ರಾಮು ಹಿಡಿದು ಕೂತಿದೆಯೇ, ಎಲ್ಲ ನೋಡಿದೆ. ಕೊನೆಗೆ ಉಳಿದದ್ದು ಸಾಫ್ಟ್‌ವೇರು. ಅದರ ಸೆಟ್ಟಿಂಗಿನೊಳಗೆ ಇನ್‌ಪುಟ್‌ಗಳ ಸಾಲು ತೆರೆದೆ. ಒಂದನೆಯದರ ಮುಂದೆ ಟಿಕ್ ಇತ್ತು. ಎರಡನೆಯದರ ಮುಂದೆ ಇರಲಿಲ್ಲ. ಒಂದು ಟಿಕ್ ಅಣ್ಣಾ. ಬೆರಳಿನಿಂದ ಒಮ್ಮೆ ಒತ್ತಿದೆ, ಗೆರೆ ಅಲುಗಿತು.

ಆಗಲೂ ನಿನ್ನನ್ನು ಬಿಟ್ಟುಕೊಡಲಿಲ್ಲ. ಅಪ್‌ಡೇಟ್ ಆದಾಗ ಟಿಕ್ ತಾನಾಗಿಯೇ ಹೋಗಿರಬಹುದು, ನೀನು ಅಲ್ಲಿ ನೋಡಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಭಾಷೆಯಲ್ಲಿ ನಿನ್ನ ಹೆಸರು ಹೇಳಿ, ಬಂದು ಊಟ ಮಾಡಿಕೊಂಡು ಹೋಗಿ ಎಂದು ಊರನ್ನು ಕರೆದೆ. ಧ್ವನಿ ನಡುಗಿದ ಕಡೆ ಮತ್ತೆ ಹೇಳಿದೆ. ನೀನಿದ್ದಿದ್ದರೆ ಮೆಚ್ಚುತ್ತಿದ್ದೆ ಎಂದುಕೊಂಡೆ, ಪೆದ್ದಿ ನಾನು.

ತಿಥಿಯ ದಿನ ಎಲೆ ಹಾಕಿದಾಗ ನಂಜುಂಡಪ್ಪನವರು ಬಂದರು. ಆಟೋದಲ್ಲಿ ಕೇಳಿಸಿಕೊಂಡೇ ಬಂದಿದ್ದರಂತೆ. ಕೈ ತೊಳೆಯುವ ಮೊದಲೇ ನನ್ನ ಹತ್ತಿರ ಬಂದು, “ಆ ಗೊಂತು ನೀದೇನಾ ತಲ್ಲಿ?” ಎಂದರು. ಹೌದು, ನನ್ನ ಧ್ವನಿಯೇ ಎಂದೆ. “ಈವಾಗ ನಿಮ್ಮನೇಲಿ ಒಪ್ಪಿದ್ರಲ್ಲಮ್ಮ, ಅಷ್ಟು ಸಾಕು. ಅವತ್ತು ಆಟೋ ಬಂದಾಗ ತೋಟದೋರು ದಾರಿಗೆ ಬಂದು ನಿಂತು ಕೇಳ್ತಿದ್ರು. ಎರಡೂ ಭಾಷೇಲಿ ಆಯಮ್ಮನ ಕೈಲೇ ಹೇಳ್ಸಪ್ಪ ಅಂತ ನಿಮ್ಮಣ್ಣನ್ನ ಎಷ್ಟು ಸಲ ಕೇಳಿದೀನಿ. ನಿಮ್ಮ ಯಜಮಾನ್ರು ಒಪ್ಪಲ್ಲ, ಹೆಂಡ್ತಿ ಧ್ವನಿ ಬೀದೀಲಿ ತಿರುಗಬಾರ್ದು ಅಂತಾರೆ ಅಂದ.” ನನ್ನ ಗಂಡ ಅಲ್ಲೇ ಸಾರಿನ ಬಕೆಟ್ಟು ಹಿಡಿದು ನಿಂತಿದ್ದರು. ಬಕೆಟ್ಟನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ನಿನ್ನ ತಿಥಿಯ ಊಟ ಬಡಿಸಿದರು. ಬಸ್ಸಿನಲ್ಲಿ ಮಾತ್ರ, “ನಾನ್ಯಾವತ್ತು ಬೇಡ ಅಂದೆ ರತ್ನಾ?” ಎಂದರು. ಕೋಲಾರದ ಬಸ್ಸಿಗೆ ಹೊತ್ತಾಯಿತೆಂದು ಬೆಳಗ್ಗೆ ಬೆಳಗ್ಗೆ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಸ್ಟಾಪಿಗೆ ಬಿಡುತ್ತಿದ್ದವರು ಅವರು. ಅವರ ಹೆಸರನ್ನು ಹೀಗೆ ಕೆಡಿಸಲು ನಿನಗೆ ಹೇಗೆ ಮನಸ್ಸು ಬಂತು?

ಆವತ್ತಿನಿಂದ ಆ ಟೇಪಿನ ತುಂಡು ನನ್ನ ಕಣ್ಣ ಮುಂದೆಯೇ ಇದೆ. ದೀಪ ಕಣ್ಣಿಗೆ ಚುಚ್ಚುತ್ತದೆ ಎಂದೆಯಲ್ಲ, ಪಕ್ಕದಲ್ಲೇ ನಿನ್ನ ದೀಪವೂ ಅಷ್ಟೇ ಹಸಿರಾಗಿ ಉರಿಯುತ್ತಿತ್ತು, ಅದು ಚುಚ್ಚಲಿಲ್ಲವೇ? ನಂಜುಂಡಪ್ಪನವರಿಗೆ ನನ್ನ ಗಂಡನ ಮಾತು ಎಂದು ಒಂದು ಹೇಳಿದೆ, ನನಗೆ ಡಬ್ಬಿಯ ಮಾತು ಎಂದು ಇನ್ನೊಂದು ಹೇಳಿದೆ. ನಡುವೆ ನಿಂತು ಕೆಲಸ ಕೆಡಿಸಿದವನು ನೀನು, ಹೆಸರು ಹೊತ್ತದ್ದು ಡ್ರೈವರು. ಅತ್ತಿಗೆ ಒಂದು ಮಾತು ಹೇಳಿದರು. ಮೊದಲ ಸುಗ್ಗಿ ಆದ ಮೇಲೆ ನೀನು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆಯಂತೆ. ನನ್ನದನ್ನು ಕೇಳುವುದು, ಆಮೇಲೆ ನಿನ್ನದನ್ನು ಕೇಳುವುದು, ಮತ್ತೆ ನನ್ನದನ್ನು. ಆಮೇಲೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲವಂತೆ. ಹೊಟ್ಟೆಕಿಚ್ಚೇ ಅಣ್ಣಾ? ಇದೊಂದು ಕೆಲಸ ಕೈತಪ್ಪಿದರೆ ಏನು ಗತಿ ಎಂಬ ಭಯವೇ? ಹಾಗಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ? “ಇದು ನನ್ನ ಕೆಲಸ ಕಣೇ, ನೀನು ಬರಬೇಡ,” ಎಂದಿದ್ದರೆ ನಾನು ಅತ್ತು, ಜಗಳ ಆಡಿ, ಹೊಲಿಗೆ ಮೆಷಿನ್ನಿಗೆ ವಾಪಸ್ಸು ಹೋಗುತ್ತಿದ್ದೆ. ಅಮ್ಮನ ಸೀರೆ ಹರಿದು ನನ್ನ ಮೈಕಿಗೆ ಕಟ್ಟಿದ ಕೈಯೇ ಈ ಟೇಪನ್ನೂ ಅಂಟಿಸಿತು ಎಂಬುದನ್ನು ಮಾತ್ರ ನನ್ನಿಂದ ಅರಗಿಸಿಕೊಳ್ಳಲು ಆಗುತ್ತಿಲ್ಲ.

ಈಗ ಮಾವು ಬಂದಿದೆ. ಇವತ್ತು ಬೆಳಗ್ಗೆಯಿಂದ ಇಲ್ಲೇ ಕೂತು ನಂಜುಂಡಪ್ಪನವರ ಕೆಲಸ ಮುಗಿಸಿದೆ. ತೆಲುಗೂ ನಾನೇ, ಕನ್ನಡವೂ ನಾನೇ. ಶುರುವಿನ “ಮಾವು ಬೆಳೆಗಾರರೇ” ಒಂದಾದರೂ ನಿನ್ನದೇ ಇರಲಿ ಎಂದು ಹಳೆಯದನ್ನು ಹಾಕಿ ಕೇಳಿದೆ. ಚೆನ್ನಾಗಿದೆ. ಇವತ್ತಿಗೂ ನಿನ್ನ ಕನ್ನಡ ನನ್ನದಕ್ಕಿಂತ ಚೆನ್ನಾಗಿದೆ, ಇದನ್ನು ನಿನಗೆ ಯಾರೂ ಹೇಳಿರಲಿಲ್ಲವೇ? ಅದನ್ನು ಶುರುವಿನಲ್ಲಿ ಹಾಗೆಯೇ ಉಳಿಸಬೇಕು ಎನಿಸಿತು. ಉಳಿಸಲಿಲ್ಲ. ನಿನ್ನ ಮೈಕನ್ನು ಒರೆಸಿ, ಬಟ್ಟೆ ಸುತ್ತಿ ಅತ್ತಿಗೆಯ ಕೈಗೆ ಕೊಟ್ಟೆ. ಅದಕ್ಕೆ ನಾನು ಬಾಯಿ ಇಡಲಿಲ್ಲ, ಇಡುವುದೂ ಇಲ್ಲ.

ನಾಳೆ ಆಟೋ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಿಂದ ಹೊರಡುತ್ತದೆ. ತೋಟದವರು ದಾರಿಗೆ ಬಂದರೆ ಅವರಿಗೆ ನಿನ್ನ ಧ್ವನಿ ಕೇಳಿಸುವುದಿಲ್ಲ. ಯಾಕೆ ಎಂದು ನೀನು ನನ್ನ ಹಾಗೆ ಕಾಯುವುದು ಬೇಡ, ಅದಕ್ಕೇ ಈ ಕಾಗದ. ಮೈಕು, ವೈರು, ಡಬ್ಬಿ ಎಲ್ಲ ಚೆನ್ನಾಗಿವೆ ಅಣ್ಣಾ. ಡ್ರೈವರೂ ಸರಿಯಾಗಿದೆ. ಒಂದನೆಯ ಇನ್‌ಪುಟ್‌ನ ಟಿಕ್ ತೆಗೆದವಳು ನಾನು.

ರತ್ನ